ಪೋರ್ಟ್ ಆರ್ಥರ್ (ಟಾಸ್ಮೇನಿಯಾ): ಒಂದು ದಿನ ಸಾಕಾ, ಅಲ್ಲೇ ಉಳಿಯಬೇಕಾ?

ಕುಕ್ಕರಹಳ್ಳಿ ಏರಿ:
ಜನವರಿಯಲ್ಲಿ ಮೈಸೂರಿನಿಂದ ಮೆಲ್ಬರ್ನ್‌ಗೆ ಮಗಳ ಮನೆಗೆ ಹೋಗ್ತಿದ್ದೀವಿ. ಅಲ್ಲಿಂದ ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ಗೆ ವಿಮಾನ, ಆಮೇಲೆ ಹಳೇ ಕೈದಿಗಳ ಊರು ಪೋರ್ಟ್ ಆರ್ಥರ್. ಹೋಬಾರ್ಟ್‌ನಲ್ಲಿ ಉಳಿದು ಒಂದೇ ದಿನಕ್ಕೆ ಹೋಗಿಬರಬಹುದಾ? ಕಾರು ಬೇಕೇ ಬೇಕಾ? ನಾವು ಸಸ್ಯಾಹಾರಿಗಳು. ಯಜಮಾನರಿಗೆ ಮಂಡಿ ನೋವು ಬೇರೆ.

ಸಕ್ಕರೆನಾಡು, ಮಂಡ್ಯ:
ಮೇಡಂ, ದಯವಿಟ್ಟು ಅಲ್ಲೇ ಎರಡು ರಾತ್ರಿ ಉಳೀರಿ. ಹೋಬಾರ್ಟ್‌ನಿಂದ ಸುಮಾರು 95 ಕಿ.ಮೀ., ಮೈಸೂರಿನಿಂದ ಕುಶಾಲನಗರಕ್ಕಿಂತ ಚೂರು ಜಾಸ್ತಿ. ಆದರೆ ಕೊನೆಯ ಭಾಗ ತಿರುವಿನ ದಾರಿ, ಒಂದೂವರೆ ಗಂಟೆ ಹಿಡಿಯುತ್ತೆ. ಅದಕ್ಕಿಂತ ಮುಖ್ಯ, ಕತ್ತಲಾಗೋ ಹೊತ್ತಿಗೆ ವಾಲಬಿ (ಸಣ್ಣ ಕಾಂಗರೂ ಥರದ್ದು), ವಾಂಬ್ಯಾಟ್ (ಕರಡಿಮರಿ ಥರ ದಪ್ಪಗಿರೋದು) ರಸ್ತೆಗೆ ಬರ್ತವೆ. ರಾತ್ರಿ ಪ್ರಾಣಿಗೆ ಡಿಕ್ಕಿಯಾದರೆ ಕೆಲವು ಬಾಡಿಗೆ ಕಾರಿನ ವಿಮೆ ದುಡ್ಡು ಕೊಡಲ್ಲ. ಕರಾರಿನಲ್ಲಿ ಆ ಸಾಲು ಹುಡುಕಿ ಓದಿ. ಜನವರಿಯಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತರ ಹತ್ತಿರ, ಅದೊಂದು ಅನುಕೂಲ.

ಬಸ್ಸು ತೀರಾ ಕಡಿಮೆ, ಕಾರು ಬೇಕೇ ಬೇಕು. ನಮ್ಮ ಹಾಗೇ ಎಡಗಡೆ ಓಡಿಸೋದು. ವಿಮಾನ ನಿಲ್ದಾಣ ದಾರಿಯಲ್ಲೇ ಸಿಗುತ್ತೆ, ಹೋಬಾರ್ಟ್ ಪೇಟೆಗೆ ಹೋಗೋ ಅಗತ್ಯವಿಲ್ಲ. ನೇರ ಸೊರೆಲ್ ಪಟ್ಟಣಕ್ಕೆ ಹೋಗಿ ಅಲ್ಲೇ ದಿನಸಿ ತಗೊಳ್ಳಿ, ಟ್ಯಾಂಕ್ ತುಂಬಿಸಿ. ಅದರಾಚೆ ದೊಡ್ಡ ಅಂಗಡಿ ಇಲ್ಲ.

ಪೋರ್ಟ್ ಆರ್ಥರ್ ಇರೋ ಪರ್ಯಾಯ ದ್ವೀಪಕ್ಕೆ ಇರೋದು ಒಂದೇ ಹೆದ್ದಾರಿ. 2013ರ ಜನವರಿಯಲ್ಲಿ ಆ ದಾರಿಯ ಡನಾಲಿ ಊರಿನ ಹತ್ತಿರ ಕಾಳ್ಗಿಚ್ಚು ಬಿದ್ದು ದಾರಿ ಮುಚ್ಚಿ, ಸಾವಿರಾರು ಜನ ಒಳಗೇ ಸಿಕ್ಕಿಕೊಂಡಿದ್ದರು. ಬಿಸಿಗಾಳಿಯ ದಿನ ಬೆಂಕಿಯ ಎಚ್ಚರಿಕೆ ನೋಡದೆ ಹೊರಡಬೇಡಿ, ಮಾತ್ರೆಗಳನ್ನ ಎರಡು ದಿನಕ್ಕೆ ಹೆಚ್ಚಾಗೇ ಇಟ್ಟುಕೊಳ್ಳಿ.

ಒಂಟಿಕೊಪ್ಪಲ್:
ಊಟದ ವಿಷಯ. ರೂಮ್ ಬುಕ್ ಮಾಡುವಾಗ ಅಡುಗೆಮನೆ ಇರೋ ಕ್ಯಾಬಿನ್ ಕೇಳಿ. ಬರೀ ಮೈಕ್ರೋವೇವ್ ಇದ್ದರೆ ಹುಳಿ ಕುದಿಸೋಕಾಗಲ್ಲ, ಒಲೆ ಇದೆಯಾ ಅಂತ ಬರೆದೇ ಕೇಳಿ. ಜನವರಿ ಅಲ್ಲಿನ ಶಾಲೆ ರಜೆ, ತಡ ಮಾಡಿದರೆ ಕ್ಯಾಬಿನ್ ಸಿಗಲ್ಲ. ವಿದ್ಯುತ್ 230 ವೋಲ್ಟ್, ನಮ್ಮ ರೈಸ್ ಕುಕ್ಕರ್ ನಡೆಯುತ್ತೆ. ಪಿನ್ ಮಾತ್ರ ಓರೆ, ಅಡಾಪ್ಟರ್ ಬೇಕು.

ಇಲ್ಲಿಂದ ಪೇಡ, ಬರ್ಫಿಯಂಥ ಹಾಲಿನ ಸಿಹಿ, ಹಸಿ ಕರಿಬೇವು ಕಟ್ಟಿಕೊಳ್ಳಬೇಡಿ. ಸಾರಿನ ಪುಡಿ, ಚಟ್ನಿಪುಡಿ ಏನಿದ್ದರೂ ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತುಂಬೋ ಅರ್ಜಿಯಲ್ಲಿ ಬರೆದು ತೋರಿಸಿ. ಬರೆದದ್ದನ್ನ ಬೇಡ ಅಂದರೆ ತೆಗೆದುಕೊಳ್ತಾರೆ ಅಷ್ಟೆ. ಬಚ್ಚಿಟ್ಟರೆ ದಂಡ. ಬಹಳ ಜನ ತಪ್ಪೋದು ಎರಡನೇ ಕಡೆ: ಮೆಲ್ಬರ್ನ್‌ನಲ್ಲಿ ಕೊಂಡ ಬಾಳೆಹಣ್ಣು, ತರಕಾರಿಯನ್ನೂ ಟಾಸ್ಮೇನಿಯಾಗೆ ಒಯ್ಯುವಂತಿಲ್ಲ. ಹೋಬಾರ್ಟ್‌ನಲ್ಲಿ ನಾಯಿ ಬಿಟ್ಟು ಮೂಸಿಸ್ತಾರೆ.

ಕುಕ್ಕರಹಳ್ಳಿ ಏರಿ:
ತುಂಬಾ ಉಪಕಾರ. ಒಳಗೆ ಎಷ್ಟು ನಡಿಗೆ? ಏನು ಬಿಡಬಾರದು?

ಹಳೇ ಕಲ್ಲು:
ಜಾಗ ಸುಮಾರು 100 ಎಕರೆ, ಇಳಿಜಾರು. ನಡೆಯಲಾಗದವರಿಗೆ ವಾಹನ ಇದೆಯಾ ಅಂತ ಟಿಕೆಟ್ ಕೌಂಟರ್‌ನಲ್ಲೇ ಕೇಳಿ. ಟಿಕೆಟ್ ಸಾಲಾಗಿ ಎರಡು ದಿನ ನಡೆಯುತ್ತೆ, ಕೊಲ್ಲಿಯ ದೋಣಿ ಸುತ್ತಾಟವೂ ಅದರಲ್ಲೇ ಸೇರಿದೆ. ಅಲ್ಲಿ ಉಳಿಯೋದರ ನಿಜವಾದ ಲಾಭ ಇದು. ಮೊದಲ ದಿನ ಮಧ್ಯಾಹ್ನ ದೋಣಿ, ಮರುದಿನ ಬೆಳಿಗ್ಗೆ ಕಟ್ಟಡಗಳು.

1830ರಲ್ಲಿ ಮರ ಕಡಿಯೋ ಶಿಬಿರವಾಗಿ ಶುರುವಾಗಿ 1877ರಲ್ಲಿ ಮುಚ್ಚಿದ ಸೆರೆ ಅದು. ಫೋಟೋಗಳಲ್ಲಿ ಕಾಣೋ ನಾಲ್ಕಂತಸ್ತಿನ ಗೋಡೆಗಳು ಮೊದಲು ಹಿಟ್ಟಿನ ಗಿರಣಿ, ಉಗ್ರಾಣವಾಗಿದ್ದವು. ಆಮೇಲೆ ಕೈದಿಗಳ ವಾಸಕ್ಕೆ ಬದಲಾಯಿಸಿದರು. 1897ರ ಬೆಂಕಿಗೆ ಒಳಗೆಲ್ಲ ಸುಟ್ಟುಹೋಯ್ತು. ಎಲ್ಲರೂ ಅಲ್ಲೇ ನಿಲ್ತಾರೆ. ನನ್ನ ಪ್ರಕಾರ ಮನಸ್ಸಿಗೆ ತಟ್ಟೋದು ಸಪರೇಟ್ ಪ್ರಿಸನ್, ಕೈದಿಗಳನ್ನ ಒಬ್ಬೊಬ್ಬರನ್ನೇ ಬೇರೆ ಇಡ್ತಿದ್ದ ಕಟ್ಟಡ. ಅಲ್ಲಿ ಹೊಡೆತದ ಬದಲು ಮೌನವೇ ಶಿಕ್ಷೆ. ಹೆಸರಿಲ್ಲ, ನಂಬರು. ಹೊರಗೆ ಬಂದಾಗ ಮುಖಕ್ಕೆ ಮುಸುಕು. ಪ್ರಾರ್ಥನೆಗೂ ಒಬ್ಬರನ್ನೊಬ್ಬರು ನೋಡದ ಹಾಗೆ ಮರದ ಗೂಡು. ಆ ಗೂಡೊಳಗೆ ಒಂದು ನಿಮಿಷ ನಿಂತು ನೋಡಿ.

ದಾರಿಯಲ್ಲಿ ಈಗಲ್‌ಹಾಕ್ ನೆಕ್. 100 ಮೀಟರೂ ಅಗಲವಿಲ್ಲದ ನೆಲದ ಕುತ್ತಿಗೆ, ತಪ್ಪಿಸಿಕೊಳ್ಳೋರನ್ನ ತಡೆಯೋಕೆ ನಾಯಿಗಳನ್ನ ಸಾಲಾಗಿ ಕಟ್ಟಿದ್ದ ಜಾಗ. ಹತ್ತಿರದ ಹಾಸುಗಲ್ಲಿನ ತೀರವನ್ನ ಸಮುದ್ರ ಇಳಿದಾಗ ನೋಡಬೇಕು. ರಿಮಾರ್ಕಬಲ್ ಕೇವ್‌ಗೆ ನೂರಕ್ಕೂ ಹೆಚ್ಚು ಮೆಟ್ಟಿಲು, ಯಜಮಾನರು ಮೇಲಿನ ಕಟ್ಟೆಯಿಂದಲೇ ಕಡಲು ನೋಡಲಿ. ಸಾಲ್ಟ್‌ವಾಟರ್ ರಿವರ್‌ನ ಕಲ್ಲಿದ್ದಲ ಗಣಿಯಲ್ಲೂ ಕೈದಿಗಳನ್ನೇ ದುಡಿಸಿದ್ದರು. ಅಲ್ಲಿ ಟಿಕೆಟ್ ಇಲ್ಲ, ಜನವೂ ಕಡಿಮೆ.

ಇನ್ನೊಂದು ಮಾತು. 1996ರ ಏಪ್ರಿಲ್ 28ರಂದು ಅಲ್ಲಿ ಗುಂಡಿನ ದಾಳಿಯಲ್ಲಿ 35 ಜನ ಸತ್ತರು. ಅವರ ನೆನಪಿಗೆ ಒಂದು ತೋಟವಿದೆ, ಸದ್ದು ಮಾಡದೆ ಕೂತು ಬನ್ನಿ. ಸಿಬ್ಬಂದಿಯನ್ನ ಆ ಬಗ್ಗೆ ಕೇಳಬೇಡಿ. ಆ ದಿನ ತಮ್ಮವರನ್ನ ಕಳೆದುಕೊಂಡವರು ಸುತ್ತಮುತ್ತ ಇನ್ನೂ ಇದ್ದಾರೆ.