ಅಪ್‌ಡೇಟ್: ಎಂಜಿನ್ ಆಯಿಲ್ 5,000ಕ್ಕೋ 10,000ಕ್ಕೋ?

ಹೋದ ತಿಂಗಳು ಕೇಳಿದ್ದೆ: ನನ್ನ ಪೆಟ್ರೋಲ್ ಕಾರಿನ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತಿದೆ. ಗ್ಯಾರೇಜಿನವರು 5,000ಕ್ಕೇ ಆಯಿಲ್ ಬದಲಿಸಿ ಅಂತಾರೆ. ಯಾರ ಮಾತು ಕೇಳೋದು?

"ಮೊದಲು ನಿಮ್ಮ ಓಡಾಟ ನೋಡ್ಕೊಳ್ಳಿ" ಅಂದಿದ್ದರು ಒಬ್ಬರು. ನೋಡಿದೆ. ದಾವಣಗೆರೆಯ ವಿದ್ಯಾನಗರದಿಂದ ಪಿ.ಬಿ. ರಸ್ತೆಯ ಅಂಗಡಿಗೆ, ಊಟಕ್ಕೆ ಮನೆಗೆ, ಮತ್ತೆ ಅಂಗಡಿಗೆ. ಒಂದು ಸಲಕ್ಕೆ ಮೂರ್ನಾಲ್ಕು ಕಿ.ಮೀ. ಅಷ್ಟೇ. ಎಂಜಿನ್ ಸರಿಯಾಗಿ ಬಿಸಿಯಾಗೋ ಮೊದಲೇ ಆಫ್. ಹೀಗಾದರೆ ಆಯಿಲ್‌ಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೋಗೋದೇ ಇಲ್ಲ. ಇಂಥ ಓಡಾಟಕ್ಕೆ, ಧೂಳಿನ ರಸ್ತೆಗೆ ಬೇಗ ಬದಲಿಸಿ ಅಂತ ಪುಸ್ತಕದಲ್ಲೇ ಬೇರೆ ಪಟ್ಟಿ ಇದೆ. ನಾನು ಆ ಪುಟ ತೆರೆದಿರಲೇ ಇಲ್ಲ!

ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು, ಹಳೇ ಬನಿಯನ್ನಿನಲ್ಲಿ ಒರೆಸಿ, ಮತ್ತೆ ಇಳಿಸಿ ನೋಡಿದೆ. ಆಯಿಲ್ ಕೆಳಗಿನ ಗುರುತಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಸರಿ. ಮಟ್ಟ ಇಳಿದದ್ದು ನೋಡಿಯೇ ಭಯ ಆಯ್ತು.

ಸೋಮವಾರವೇ ಫಿಲ್ಟರ್ ಸಮೇತ ಬದಲಿಸಿದೆ. ಗ್ಯಾರೇಜಿನ ಹುಡುಗ "ದಪ್ಪ ಆಯಿಲ್ ಹಾಕೋಣ ಅಣ್ಣಾ" ಅಂದ. ಬೇಡಪ್ಪ, ಪುಸ್ತಕದಲ್ಲಿರೋ ಗ್ರೇಡೇ ಹಾಕು ಅಂದೆ. ಇನ್ನು ಆರು ತಿಂಗಳು ಅಥವಾ 5,000, ಯಾವುದು ಮೊದಲೋ ಅದು. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್. ಹೇಳಿಕೊಟ್ಟವರಿಗೆ ಒಂದೊಂದು ಬೆಣ್ಣೆ ದೋಸೆ ಬಾಕಿ ಇದೆ, ಬನ್ನಿ.