ಗಿರಾಕಿ ‘ಟ್ವೀಕ್ ಮಾಡಿ’ ಅಂದರೆ ಎಷ್ಟು ಬದಲಿಸಬೇಕು?

ಪ್ರಶ್ನೆ (ಡಿಟಿಪಿ ಅಂಗಡಿ, ಮಂಡಿಪೇಟೆ, ದಾವಣಗೆರೆ):
ಮೇಡಂ, ನಮಸ್ಕಾರ. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಅಂಗಡಿ ಓಪನಿಂಗ್ ಪಾಂಪ್ಲೆಟ್ ಡಿಸೈನ್ ಮಾಡಿ ಕಳಿಸಿದ್ದೆ. ‘ಲುಕ್ಸ್ ಗುಡ್. ಜಸ್ಟ್ ಟ್ವೀಕ್ ದ ಹೆಡಿಂಗ್ ಅಂಡ್ ಕಲರ್ಸ್ ಎ ಬಿಟ್’ ಅಂತ ವಾಟ್ಸಾಪ್ ಬಂದಿದೆ. ಡಿಕ್ಷನರಿ ನೋಡಿದರೆ ಟ್ವೀಕ್ ಅಂದರೆ ಚಿವುಟು, ಹಿಂಡು ಅಂತಿದೆ. ಹೆಡಿಂಗನ್ನು ಹಿಂಡೋದು ಹೇಗೆ? ಡಿಸೈನ್ ಅವರಿಗೆ ಹಿಡಿಸಿದೆಯೋ ಇಲ್ಲವೋ ಅದೂ ಗೊತ್ತಾಗುತ್ತಿಲ್ಲ. ಇನ್ನೊಂದು ಹೊಸದಾಗಿ ಮಾಡಲಾ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ):
ಬೇಡ, ಮಾಡಬೇಡಿ! ಹಿಡಿಸಿದೆ. ಟ್ವೀಕ್ ಅನ್ನೋ ಮಾತು ಬಂತು ಅಂದರೆ ಕೆಲಸ ಹೆಚ್ಚುಕಮ್ಮಿ ಪಾಸಾಯಿತು ಅಂತಲೇ ತಿಳಿಯಿರಿ. ಇರೋದು ಸರಿಯಾಗಿದೆ, ಅದನ್ನು ಕೆಡಿಸದೆ ಒಂಚೂರು ಆಚೆ ಈಚೆ ಮಾಡಿ ಅಂತ ಅದರ ಅರ್ಥ. ಹಿಡಿಸದೇ ಇದ್ದಿದ್ದರೆ ‘ರೀಡೂ’ (ಮತ್ತೆ ಮಾಡಿ) ಅನ್ನುತ್ತಿದ್ದರು, ಇಲ್ಲವೇ ‘ಕ್ಯಾನ್ ವೀ ಟ್ರೈ ಸಮ್‌ಥಿಂಗ್ ಎಲ್ಸ್’ ಅಂತ ನಯವಾಗಿ ಕೇಳುತ್ತಿದ್ದರು.

ನಿಮ್ಮ ಕೆಲಸದಲ್ಲೇ ಹೇಳುತ್ತೇನೆ. ಹೆಡಿಂಗ್ ಅಕ್ಷರ 48 ಪಾಯಿಂಟ್ ಇದೆ ಅಂತಿಟ್ಟುಕೊಳ್ಳಿ. ಅದನ್ನು 44ಕ್ಕೆ ಇಳಿಸಿದರೆ ಟ್ವೀಕ್. ಕೆಂಪನ್ನು ಸ್ವಲ್ಪ ಗಾಢ ಮಾಡಿದರೆ, ಎರಡು ಸಾಲಿನ ನಡುವೆ ಜಾಗ ಬಿಟ್ಟರೆ ಟ್ವೀಕ್. ಫಾಂಟೇ ಬೇರೆ, ಫೋಟೋನೂ ಬೇರೆ, ಅಡ್ಡ ಇದ್ದ ಪುಟ ಉದ್ದಕ್ಕೆ ಬಂತು ಅಂದರೆ ಅದು ಬೇರೆ ಡಿಸೈನೇ. ಅದಕ್ಕೆ ‘ರೀಡಿಸೈನ್’ ಅಂತಾರೆ.

ಡಿಕ್ಷನರಿ ಸುಳ್ಳು ಹೇಳಿಲ್ಲ. ಅದು ಹಳೇ ಅರ್ಥ, ಈಗಲೂ ಇದೆ. ಎರಡು ಬೆರಳಲ್ಲಿ ಹಿಡಿದು ಚಕ್ಕನೆ ತಿರುಚೋದು, ಮೂಗು ಅಥವಾ ಕಿವಿ ಹಿಂಡೋದು. ‘ಟ್ವಿಚ್’ ಅನ್ನೋ ಪದವೂ ಇದೇ ಮನೆತನದ್ದು. ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದಲ್ಲಿ ನಾಯಕ ‘ನನ್ನ ಮೂಗು ಹಿಂಡೋರು ಯಾರು’ ಅಂತ ಕೇಳುವಾಗ ಇದೇ ಟ್ವೀಕ್ ಬರುತ್ತದೆ. ಸಣ್ಣ ಸರಿಪಡಿಕೆಯ ಅರ್ಥ ಬಹಳ ಈಚಿನದು. 1960ರ ದಶಕದ ಹೊತ್ತಿಗೆ ಆ ಬಳಕೆ ಇತ್ತು. ಈಗ ಹೊಸಬರಿಗೆ ಇದೊಂದೇ ಗೊತ್ತು.

ಪ್ರಶ್ನೆ (ಗ್ಯಾರೇಜ್, ಹರಿಹರ ರಸ್ತೆ):
ಮೇಡಂ, ನಾವು ಬೈಕ್ ಕಾರ್ಬೊರೇಟರ್‌ನಲ್ಲಿ ಐಡ್ಲಿಂಗ್ ಸ್ಕ್ರೂ ಕಾಲು ಸುತ್ತು ತಿರುಗಿಸ್ತೀವಲ್ಲ, ಅದೂ ಟ್ವೀಕಾ?

ಉತ್ತರ:
ಅದೇ ರೀ! ಇಂಜಿನ್ ಬಿಚ್ಚಲ್ಲ, ಪಾರ್ಟ್ ಬದಲಿಸಲ್ಲ. ಸ್ಕ್ರೂ ಡ್ರೈವರ್ ಇಟ್ಟು ಒಂಚೂರು ತಿರುವುತ್ತೀರಿ, ಸದ್ದು ಕೇಳುತ್ತೀರಿ, ಇನ್ನೊಂಚೂರು ತಿರುವುತ್ತೀರಿ. ಪಕ್ಕಾ ಟ್ವೀಕ್. ಆದರೆ 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬೊರೇಟರೇ ಇಲ್ಲವಲ್ಲ, ನಿಮ್ಮ ಕೈಗೆ ಟ್ವೀಕ್ ಕೆಲಸ ಕಮ್ಮಿಯಾಗಿರಬೇಕು.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ):
ಮ್ಯಾಮ್, ಹಾಗಾದ್ರೆ ಅಡ್ಜಸ್ಟ್‌ಗೂ ಇದಕ್ಕೂ ಏನು ವ್ಯತ್ಯಾಸ? ವಾಕ್ಯದಲ್ಲಿ ಹೇಗೆ ಬಳಸೋದು?

ಉತ್ತರ:
ಅಡ್ಜಸ್ಟ್ ದೊಡ್ಡ ಪದ ಮರಿ. ಸಣ್ಣದಕ್ಕೂ ಆಗುತ್ತದೆ, ದೊಡ್ಡದಕ್ಕೂ ಆಗುತ್ತದೆ. ಹೊಸ ಊರಿಗೆ ಹೊಂದಿಕೊಳ್ಳೋದಕ್ಕೂ ಅದನ್ನೇ ಹೇಳುತ್ತೇವೆ. ಟ್ವೀಕ್ ಹಾಗಲ್ಲ. ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುತ್ತೇವಲ್ಲ, ಅಲ್ಲಿ ಟ್ವೀಕ್ ಹಾಕೋಕೆ ಆಗಲ್ಲ. ಹಾಕಿದರೆ ಪಕ್ಕದವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.

ವಾಕ್ಯದ ವಿಷಯಕ್ಕೆ ಬಂದರೆ, ನಮ್ಮವರು ಎಡವೋದು ಒಂದೇ ಕಡೆ. ‘ಫೈಲ್‌ನಲ್ಲಿ ಟ್ವೀಕ್ ಮಾಡಿದೆ’ ಅಂತ ಕನ್ನಡದಲ್ಲಿ ಯೋಚಿಸಿ ‘ಐ ಟ್ವೀಕ್ಡ್ ಇನ್ ದ ಫೈಲ್’ ಅಂತ ಬರೆಯುತ್ತಾರೆ. ಆ ‘ಇನ್’ ಬೇಡ. ‘ಐ ಟ್ವೀಕ್ಡ್ ದ ಫೈಲ್’ ಸಾಕು. ನಾಮಪದವಾಗಿ ಬಳಸಿದರೆ ‘ಟು’ ಬರುತ್ತದೆ: ‘ಐ ಮೇಡ್ ಎ ಫ್ಯೂ ಟ್ವೀಕ್ಸ್ ಟು ದ ಫೈಲ್’. ಪರೀಕ್ಷೆಯ ಪತ್ರಲೇಖನದಲ್ಲಿ, ಕಚೇರಿ ಅರ್ಜಿಯಲ್ಲಿ ಇದನ್ನು ಬಳಸಬೇಡ. ಸ್ವಲ್ಪ ಸಲಿಗೆಯ ಪದ. ಅಲ್ಲಿ ‘ಮೈನರ್ ಚೇಂಜಸ್’ ಅಂತ ಬರೆ.

ಪ್ರಶ್ನೆ (ಇನ್ನೊಬ್ಬರು, ದಾವಣಗೆರೆ):
ಕ್ರಿಕೆಟ್ ಕಾಮೆಂಟ್ರಿಯಲ್ಲಿ ‘ಟ್ವೀಕರ್’ ಅಂತಾರಲ್ಲ ಮೇಡಂ? ನಮ್ಮ ವಿನಯ್ ಕುಮಾರ್‌ಗೂ ಅನ್ನಬಹುದಾ?

ಉತ್ತರ:
ಅವರಿಗೆ ಬೇಡ, ಅವರು ‘ದಾವಣಗೆರೆ ಎಕ್ಸ್‌ಪ್ರೆಸ್’! ಮಧ್ಯಮ ವೇಗಿ. ಚೆಂಡನ್ನು ಬೆರಳಲ್ಲಿ, ಮಣಿಕಟ್ಟಿನಲ್ಲಿ ತಿರುವುವ ಸ್ಪಿನ್ನರ್‌ಗಳಿಗೆ ಮಾತ್ರ ಟ್ವೀಕರ್ ಅಂತಾರೆ. ಆಟಗಾರ ‘ಟ್ವೀಕ್ಡ್ ಹಿಸ್ ಹ್ಯಾಮ್‌ಸ್ಟ್ರಿಂಗ್’ ಅಂದರೆ ತೊಡೆ ಹಿಂದಿನ ಸ್ನಾಯು ಸ್ವಲ್ಪ ಉಳುಕಿದೆ ಅಂತ, ದೊಡ್ಡ ಪೆಟ್ಟಲ್ಲ. ಇನ್ನೊಂದು, ಅಮೆರಿಕದಲ್ಲಿ ಯಾರನ್ನೂ ಟ್ವೀಕರ್ ಅನ್ನಬೇಡಿ. ಅಲ್ಲಿ ಮೆತ್ ಅನ್ನೋ ಮಾದಕದ ಚಟಕ್ಕೆ ಬಿದ್ದವರಿಗೆ ಆ ಹೆಸರಿದೆ.

ಪ್ರಶ್ನೆ (ಡಿಟಿಪಿ ಅಂಗಡಿಯವರು, ಮತ್ತೆ):
ತುಂಬಾ ಥ್ಯಾಂಕ್ಸ್ ಮೇಡಂ. ‘ಎ ಬಿಟ್’ ಅಂದಿದ್ದಾರೆ, ಎಷ್ಟು ಅಂತ ಹೇಳಿಲ್ಲ. ನಾನೇ ಅಂದಾಜಲ್ಲಿ ಮಾಡಲಾ?

ಉತ್ತರ:
ಕೇಳಿಬಿಡಿ, ಇದರಲ್ಲಿ ಸಂಕೋಚ ಬೇಡ. ‘ಶುಅರ್. ಶುಡ್ ಐ ಮೇಕ್ ದ ಹೆಡಿಂಗ್ ಸ್ಮಾಲರ್? ಅಂಡ್ ವಿಚ್ ಕಲರ್ ಶುಡ್ ಐ ಟ್ವೀಕ್?’ ಅಂತ ಕಳಿಸಿ. ‘ವಾಟ್ ಟ್ವೀಕ್?’ ಅಂತ ಮೊಟಕಾಗಿ ಕೇಳಬೇಡಿ, ಒರಟಾಗಿ ಕೇಳಿಸುತ್ತದೆ. ಒಂದು ಮಾತು ನೆನಪಿಡಿ. ಕೆಲವರು ದೊಡ್ಡ ಕೆಲಸವನ್ನೂ ‘ಜಸ್ಟ್ ಎ ಸ್ಮಾಲ್ ಟ್ವೀಕ್’ ಅಂತಲೇ ಕೇಳುತ್ತಾರೆ. ಇಂಗ್ಲಿಷ್ ಬರದೇ ಅಲ್ಲ, ಚೆನ್ನಾಗಿ ಬರುತ್ತೆ ಅಂತಲೇ ಹಾಗೆ ಕೇಳೋದು.

ಡಿಟಿಪಿ ಅಂಗಡಿಯವರು:
ಕೇಳಿದೆ ಮೇಡಂ, ಉತ್ತರ ಬಂತು. ಹೆಡಿಂಗ್ ಸ್ವಲ್ಪ ಚಿಕ್ಕದು ಮಾಡಬೇಕಂತೆ, ಕೆಂಪಿನ ಬದಲು ಮೆರೂನ್ ಬೇಕಂತೆ. ‘ಒನ್ ಮೋರ್ ಟ್ವೀಕ್’ ಅಂತ ಹಿಂಬದಿಗೆ ಅಂಗಡಿಗೆ ಬರೋ ದಾರಿಯ ಮ್ಯಾಪ್ ಕೂಡ ಹಾಕಬೇಕಂತೆ.

ಉತ್ತರ:
ಮೊದಲ ಎರಡು ಟ್ವೀಕ್. ಮ್ಯಾಪ್ ಟ್ವೀಕ್ ಅಲ್ಲ, ಹೊಸ ಕೆಲಸ. ಹಿಂಬದಿ ಪ್ರಿಂಟಿಂಗ್ ಖರ್ಚೂ ಸೇರುತ್ತೆ. ‘ದ ಮ್ಯಾಪ್ ವಿಲ್ ಬಿ ಎಕ್ಸ್‌ಟ್ರಾ’ ಅಂತ ಈಗಲೇ ಬರೆದು, ರೇಟೂ ಅದರಲ್ಲೇ ಹಾಕಿ.