ಹಳೇ ಕೊಲಂಬಸ್ ದೋಣಿ: ಮೋಟಾರ್ ಬದಲಿಸಬೇಕಾ?

ಪ್ರಶ್ನೆ (ಮೈಸೂರು): ದಸರಾ ವಸ್ತುಪ್ರದರ್ಶನ ಶುರುವಾಗೋದರೊಳಗೆ ನಮ್ಮ ಕೊಲಂಬಸ್‌ಗೆ (ಜನರನ್ನು ಕೂರಿಸಿ ತೂಗುವ ದೊಡ್ಡ ದೋಣಿ) ಬಣ್ಣ ಹೊಡೆಸಬೇಕು. ತುಂತುರು ಬಿದ್ದರೆ ಸಾಕು, ಅಡಿಯಿಂದ ದೋಣಿಯನ್ನು ತಳ್ಳುವ ಡ್ರೈವ್ ಟೈರ್ ಜಾರುತ್ತೆ, ತೂಗಾಟ ಏರೋದೇ ಇಲ್ಲ.

ಉತ್ತರ: ಮೋಟಾರ್ ಮುಟ್ಟಬೇಡಿ. ಟೈರಿನ ಗಾಳಿ, ಸವೆತ ನೋಡಿ. ಟೈರ್ ಒತ್ತುವ ದೋಣಿಯ ತಳಪಟ್ಟಿಗೆ ಗ್ರೀಸ್ ಬಿದ್ದಿದ್ದರೆ ಒರೆಸಿ. ಆ ಪಟ್ಟಿಗೆ ಮಾತ್ರ ಬಣ್ಣ ಬಳಿಯಬೇಡಿ, ಇನ್ನೂ ಜಾರುತ್ತೆ.

ಇನ್ನೊಬ್ಬರು: ಬಣ್ಣಕ್ಕೂ ಮೊದಲು ಬಿರುಕು ಹುಡುಕಿ. ದೋಣಿ ತೂಗುಹಾಕಿರೋ ತೋಳಿನ ವೆಲ್ಡ್ ಸುತ್ತ ಹಳೇ ಬಣ್ಣ ಪೂರ್ತಿ ತೆಗೆದು (ಮರಳು ಚಿಮ್ಮಿಸೋ ಸ್ಯಾಂಡ್‌ಬ್ಲಾಸ್ಟ್ ಬೇಡ, ಬಿರುಕಿನ ಬಾಯಿ ಮುಚ್ಚಿಹೋಗುತ್ತೆ) ಬಿರುಕಿನೊಳಗೆ ಇಳಿಯುವ ಕೆಂಪು ಡೈ (ಬಣ್ಣದ ದ್ರವ) ಹಚ್ಚಿ. 10–20 ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ, ಒಳಗಿಳಿದ ಡೈಯನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿ. ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿದರೂ ದೋಣಿ ನಿಲ್ಲಿಸಿ. ಮೇಲೊಂದು ವೆಲ್ಡ್ ಎಳೆದು ಮುಚ್ಚೋದು ರಿಪೇರಿಯಲ್ಲ.

ಪ್ರಶ್ನೆ ಕೇಳಿದವರು: ತೋಳು ತೂಗುವ ಮೇಲಿನ ಪಿನ್ ಹೊರತೆಗೆಯಲೇಬೇಕಾ?

ಇನ್ನೊಬ್ಬರು: ತೆಗೀಲೇಬೇಕು. ಸವೆತ ಇರೋದೇ ಪಿನ್ ಕೂರುವ ಬಳೆ, ಅಂದ್ರೆ ಬುಷ್ ಒಳಗೆ.